ಫೂಟಿ ಆಡುವ ಮಕ್ಕಳು, ಡ್ರಾಫ್ಟ್ ಕನಸು: ಫಿಸಿಯೋ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ನ ನಮ್ಮ ಮನೆಗಳ ಮಕ್ಕಳು ಈಗ ಕ್ರಿಕೆಟ್ ಜೊತೆ ಫೂಟಿಯನ್ನೂ, ಅಂದರೆ ಆಸ್ಟ್ರೇಲಿಯಾದ ಫುಟ್‌ಬಾಲನ್ನೂ, ಆಡುತ್ತಿದ್ದಾರೆ. ಕೆಲವರು ಆಯ್ದ ಮಕ್ಕಳ ಟ್ಯಾಲೆಂಟ್ ಸ್ಕ್ವಾಡ್‌ವರೆಗೂ ಹೋಗಿದ್ದಾರೆ. 18ರೊಳಗಿನ ತಂಡಗಳ ಜೊತೆ ಬಹಳ ವರ್ಷ ಕೆಲಸ ಮಾಡಿರುವ ನಮ್ಮ ಗುಂಪಿನ ಫಿಸಿಯೋ ಮೇಡಂ ಈ ವಾರ ಪ್ರಶ್ನೆಗಳಿಗೆ ಉತ್ತರ ಕೊಡಲು ಒಪ್ಪಿದ್ದಾರೆ. ಮಕ್ಕಳ ವಿಷಯ ಆದ್ದರಿಂದ ಯಾರ ಹೆಸರೂ ಬೇಡ, ಊರು ಹಾಕಿದರೆ ಸಾಕು.

ಫಿಸಿಯೋ: ನಮಸ್ಕಾರ. ಹೊಸಬರಿಗಾಗಿ ಎರಡು ಮಾತು. ಎಎಫ್‌ಎಲ್, ಅಂದರೆ ಫೂಟಿಯ ಅತಿ ದೊಡ್ಡ ಲೀಗ್‌ನ 18 ಕ್ಲಬ್‌ಗಳು ಹೊಸ ಆಟಗಾರರನ್ನು ತೆಗೆದುಕೊಳ್ಳುವುದು ಡ್ರಾಫ್ಟ್ ಮೂಲಕ. ಆ ವರ್ಷದ ಡಿಸೆಂಬರ್ 31ರೊಳಗೆ ಹುಡುಗನಿಗೆ 18 ತುಂಬಬೇಕು. ಕ್ಲಬ್‌ಗಳು ಸರದಿಯಲ್ಲಿ ಒಬ್ಬೊಬ್ಬರನ್ನು ಆರಿಸುತ್ತವೆ. ಆ ಸರದಿಯ ಸಂಖ್ಯೆಯನ್ನೇ ಪಿಕ್ ಅನ್ನುವುದು. ನಮ್ಮ ವಿಕ್ಟೋರಿಯಾ ರಾಜ್ಯದ ಹೆಚ್ಚಿನ ಹುಡುಗರು 18ರೊಳಗಿನವರ ಟ್ಯಾಲೆಂಟ್ ಲೀಗ್‌ನಿಂದ ಬರುತ್ತಾರೆ. ಮೆಲ್ಬರ್ನ್‌ನ ಪಶ್ಚಿಮದ ಕಡೆಯವರಿಗೆ ಅದರಲ್ಲಿನ ತಂಡ ವೆಸ್ಟರ್ನ್ ಜೆಟ್ಸ್. ನಾನು ಯಾರನ್ನೂ ಆರಿಸುವವಳಲ್ಲ. ಆಯ್ಕೆಗೆ ನಿಲ್ಲುವ ಹುಡುಗರ ಮೈ ನೋಡಿಕೊಳ್ಳುವುದು ನನ್ನ ಕೆಲಸ. ಕೇಳಿ.

ಟಾರ್ನೀಟ್ ಅಪ್ಪ: ಮೇಡಂ, ಮಗನಿಗೆ 14, ಎತ್ತರ 160. ಡ್ರಾಫ್ಟ್‌ಗೆ ಎಷ್ಟು ಎತ್ತರ ಇರಬೇಕು?

ಫಿಸಿಯೋ: ಇಷ್ಟೇ ಇರಬೇಕು ಅಂತ ನಿಯಮ ಇಲ್ಲ ಸರ್. ಕೇಲಬ್ ಡೇನಿಯಲ್ 168 ಸೆಂಟಿಮೀಟರ್. 2014ರಲ್ಲಿ 46ನೇ ಪಿಕ್ ಆಗಿ ಬಂದು 2016ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಜೊತೆ ಫೈನಲ್ ಗೆದ್ದರು. 14ಕ್ಕೆ ಎತ್ತರದ ಚಿಂತೆ ಬೇಡ. ಎರಡೂ ಕಾಲಲ್ಲಿ ಒದೆಯಲು ಕಲಿಸಿ.

ವೆರಿಬೀ ಅಮ್ಮ: ನನ್ನ ಮಗನಿಗೆ 15, ನವೆಂಬರ್‌ಗೆ 16 ಆಗುತ್ತದೆ. ಹೋದ ವರ್ಷದವರೆಗೂ ತಂಡದಲ್ಲಿ ಅವನೇ ಚಿಕ್ಕವನು. ಆದರೂ ಚೆಂಡು ಯಾವಾಗಲೂ ಅವನ ಕೈಗೇ ಬರುತ್ತಿತ್ತು. ಒಂದು ವರ್ಷದಲ್ಲಿ 9 ಸೆಂಟಿಮೀಟರ್ ಬೆಳೆದ. ಈಗ ಓಟ ನಿಧಾನ ಆಗಿದೆ, ಮಾರ್ಕ್ (ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿಯುವುದು) ಕೈ ಜಾರುತ್ತೆ, ಕಿಕ್ ಎತ್ತೆತ್ತಲೋ ಹೋಗುತ್ತೆ. 16ರೊಳಗಿನ ಸ್ಕ್ವಾಡ್‌ನಿಂದ ತೆಗೆದರು. ಕೋಚ್ "ಟಚ್ ಹೋಗಿದೆ" ಅಂದರಂತೆ. ರೂಮಿನಿಂದ ಹೊರಗೇ ಬರ್ತಿಲ್ಲ. ಅವನಿಗೆ ಮುಂದೆ ಅವಕಾಶ ಇದೆಯಾ? ಭಾನುವಾರ ಇನ್ನೊಂದು ಟ್ರಯಲ್ ಇದೆ. ಬೌಲಿಂಗ್ ನೆಟ್ಸ್ ಕೂಡ ಬಿಟ್ಟಿಲ್ಲ. ಆಡಿದ ಮೇಲೆ ಬೆನ್ನು ಸ್ವಲ್ಪ ನೋವು ಅಂತಾನೆ, ಬೆಳೆಯುವ ವಯಸ್ಸು ಅಲ್ವಾ.

ಫಿಸಿಯೋ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನೋವು ಬೆನ್ನಿನ ಕೆಳಭಾಗದಲ್ಲಾ? ಒಂದೇ ಕಡೆಯಾ? ಒಂದೇ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದರೆ ಜಾಸ್ತಿ ಆಗುತ್ತಾ? ಯಾವ ಕೈ ಬೌಲರ್? ಎಷ್ಟು ವಾರದಿಂದ ಇದೆ?

ವೆರಿಬೀ ಅಮ್ಮ: ಈಗ ಅವನನ್ನೇ ಕೇಳಿದೆ. ಕೆಳಗೆ, ಎಡಗಡೆ. ಬಾಗಿಸಿ ನೋಡಿದೆ, ಮುಖ ಕಿವಿಚಿದ. ಬಲಗೈ ಫಾಸ್ಟ್ ಬೌಲರ್. ಆರು ವಾರ ಆಯ್ತಂತೆ. ನನಗೆ ಹೇಳಿಯೇ ಇರಲಿಲ್ಲ.

ಫಿಸಿಯೋ: ಭಾನುವಾರದ ಟ್ರಯಲ್ ಬೇಡ. ನೆಟ್ಸ್ ಬೇಡ. ಓಟ, ಒದೆತ ಎಲ್ಲ ಇವತ್ತಿನಿಂದ ನಿಲ್ಲಲಿ. ಈ ವಾರವೇ ಜಿಪಿ (ಮನೆ ಡಾಕ್ಟರ್) ಹತ್ತಿರ ಹೋಗಿ, ನಾನು ಇಲ್ಲಿ ಬರೆದಿರುವುದನ್ನೇ ತೋರಿಸಿ, ಎಂಆರ್‌ಐ ಬಗ್ಗೆ ಕೇಳಿ. ಮೂಳೆಯಲ್ಲಿ ಬಿರುಕು ಇದ್ದರೂ ಮೊದಮೊದಲು ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. "ಎಕ್ಸ್‌ರೇ ಚೆನ್ನಾಗಿದೆ, ಆಡಲಿ" ಅಂದರೆ ಸುಮ್ನೆ ಮನೆಗೆ ಬರಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಫಾಸ್ಟ್ ಬೌಲಿಂಗ್‌ನಲ್ಲಿ ಬೆನ್ನು ಹಿಂದಕ್ಕೆ ಬಾಗಿ, ತಿರುಗಿ, ಬಗ್ಗುತ್ತದೆ. ಬಲಗೈ ಬೌಲರ್‌ಗಳಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಎಡಗಡೆಯ ಮೂಳೆಗೆ. ಜೋರಾಗಿ ಒದೆಯುವಾಗಲೂ ಅದೇ ಜಾಗಕ್ಕೆ ಒತ್ತಡ. ಬೇಸಿಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ಫೂಟಿ, ಮಧ್ಯೆ ಶಾಲೆಯ ತಂಡ, ಸ್ಕ್ವಾಡ್. ಆ ಮೂಳೆಗೆ ಬಿಡುವೇ ಇಲ್ಲ. ಅದರ ಮೇಲೆ ಹುಡುಗ ಒಂದೇ ವರ್ಷದಲ್ಲಿ 9 ಸೆಂಟಿಮೀಟರ್ ಬೆಳೆದಿದ್ದಾನೆ. ಉದ್ದ ಬೆಳೆದ ಮೂಳೆ ಗಟ್ಟಿಯಾಗಲು ಇನ್ನೂ ಸಮಯ ಬೇಕು. ಈ ವಯಸ್ಸಿನಲ್ಲಿ ಒಂದೇ ಕಡೆ ಬರುವ, ಆಡಿದರೆ ಜಾಸ್ತಿ ಆಗುವ ಬೆನ್ನುನೋವನ್ನು ನಾನು ಒತ್ತಡದ ಬಿರುಕು ಅಂದುಕೊಂಡೇ ನೋಡುತ್ತೇನೆ. ಸ್ಕ್ಯಾನ್ ಅಲ್ಲ ಅಂದರೆ ಸಂತೋಷ.

ಬೇಗ ಸಿಕ್ಕರೆ ಸಾಮಾನ್ಯವಾಗಿ ಚೆನ್ನಾಗಿ ಕೂಡಿಕೊಳ್ಳುತ್ತದೆ, ಆದರೆ ತಿಂಗಳುಗಳು ಬೇಕು. ಬಿರುಕು ಪೂರ್ತಿ ಆದರೆ ಕಷ್ಟ. ಪ್ಯಾಟ್ ಕಮಿನ್ಸ್ ನಿಮಗೆಲ್ಲ ಗೊತ್ತು. 2011ರಲ್ಲಿ 18ನೇ ವಯಸ್ಸಿನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್. ಎರಡನೆಯದು 2017ರಲ್ಲಿ ರಾಂಚಿಯಲ್ಲಿ. ನಡುವಿನ ಆ ವರ್ಷಗಳಲ್ಲಿ ಬಹುಪಾಲನ್ನು ತಿಂದಿದ್ದು ಬೆನ್ನಿನ ಗಾಯಗಳು.

ಇನ್ನು ಅವಕಾಶದ ಮಾತು. ನವೆಂಬರ್‌ನಲ್ಲಿ ಹುಟ್ಟಿದವನು ಜನವರಿಯಲ್ಲಿ ಹುಟ್ಟಿದವರ ಜೊತೆ ನಿಲ್ಲುತ್ತಾನೆ. ಹತ್ತು ತಿಂಗಳ ವ್ಯತ್ಯಾಸ ಅಲ್ಲೇ ಆಯಿತು. ಮೈ ಬೆಳೆಯುವ ಲೆಕ್ಕ ಬೇರೆಯೇ ಇದೆ. ಹುಟ್ಟಿದ ದಿನ ಒಂದೇ ಆದರೂ ಒಬ್ಬನ ಮೂಳೆ 17ರ ಹುಡುಗನದ್ದು, ಇನ್ನೊಬ್ಬನದ್ದು 14ರ ಹುಡುಗನದ್ದು ಇರಬಹುದು. 15ರೊಳಗಿನ ಪಂದ್ಯದಲ್ಲಿ ಎಲ್ಲರನ್ನೂ ಗುದ್ದಿಕೊಂಡು ಗೋಲ್ ಹೊಡೆಯುವವನನ್ನು ನೋಡಿದರೆ ಎಷ್ಟೋ ಸಲ ಕಾಣುವುದು ಮೀಸೆ ಬೇಗ ಬಂದಿದ್ದಷ್ಟೇ. ಉಳಿದವರು ಬೆಳೆದು ಅವನ ಸಮಕ್ಕೆ ಬಂದ ದಿನ ಅವನ ಕೈಯಲ್ಲಿ ಬೇರೇನಿದೆ ಅನ್ನುವುದು ಗೊತ್ತಾಗುತ್ತದೆ.

ನಿಮ್ಮವನು ಚಿಕ್ಕವನಾಗಿದ್ದಾಗಲೂ ಚೆಂಡು ಅವನ ಕೈಗೇ ಬರುತ್ತಿತ್ತು ಅಂದಿರಿ. ಆ ಮೊಟ್ಟೆಯಾಕಾರದ ಚೆಂಡು ಎತ್ತ ಪುಟಿಯುತ್ತದೆ ಅಂತ ಅವನಿಗೆ ಮೊದಲೇ ಗೊತ್ತಾಗುತ್ತಿತ್ತು ಅಂತ ಅರ್ಥ. ಅದು ಎಲ್ಲೂ ಹೋಗಿಲ್ಲ. ಕೈಕಾಲು ಉದ್ದ ಆದಾಗ ಮೆದುಳಿನ ಹಳೆಯ ಅಳತೆ ತಪ್ಪುತ್ತದೆ. ಹೊಸ ಅಳತೆ ಕೂರಲು ಕೆಲವು ತಿಂಗಳು ಬೇಕು. ಬೆನ್ನುನೋವನ್ನೂ ಹೊತ್ತು ಆಡುತ್ತಿದ್ದ ಹುಡುಗನನ್ನು ಟಚ್ ಹೋಗಿದೆ ಅಂತ ಕಳಿಸಿದ್ದು ನನಗೆ ನಿಜವಾಗಿ ನೋವಾಯಿತು.

ಅವನಿಗೆ ಇದನ್ನು ಓದಿಸಿ. ಲ್ಯಾಕಿ ನೀಲ್ 2011ರಲ್ಲಿ 58ನೇ ಪಿಕ್. 2020ರಲ್ಲೂ 2023ರಲ್ಲೂ ಬ್ರೌನ್‌ಲೋ, ಅಂದರೆ ಲೀಗ್‌ನ ಶ್ರೇಷ್ಠ ಆಟಗಾರನ ಪದಕ. ಸ್ಯಾಮ್ ಮಿಚೆಲ್‌ರನ್ನು 2000ದಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ, ಮರುವರ್ಷ 36ನೇ ಪಿಕ್ ಆದರು. ಟಾಮ್ ಸ್ಟೀವರ್ಟ್ ಜೀಲಾಂಗ್ ಕ್ಲಬ್‌ಗೆ ಬಂದಿದ್ದು 23ನೇ ವಯಸ್ಸಿನಲ್ಲಿ. 15ಕ್ಕೆ ಮುಚ್ಚುವ ಬಾಗಿಲು ಇದಲ್ಲ.

ವೆರಿಬೀ ಅಮ್ಮ: ಓದಿಸಿದೆ. ಏನೂ ಮಾತಾಡಲಿಲ್ಲ, ಫೋನ್ ಮಾತ್ರ ವಾಪಸ್ ಕೊಡಲಿಲ್ಲ. ನಾಳೆ ಬೆಳಿಗ್ಗೆಯೇ ಜಿಪಿಗೆ ಫೋನ್ ಮಾಡ್ತೀನಿ.

ಪಾಯಿಂಟ್ ಕುಕ್ ಅಪ್ಪ: ಮೇಡಂ ಸ್ವಲ್ಪ ಜಾಸ್ತಿ ಹೆದರಿಸ್ತಿದ್ದೀರಿ ಅನಿಸುತ್ತೆ. ಟ್ರಯಲ್ ವರ್ಷಕ್ಕೊಂದು ಸಲ ಬರೋದು. ಆಡೋಕೆ ಮುಂಚೆ ಎರಡು ನೋವಿನ ಮಾತ್ರೆ ಕೊಟ್ಟರೆ ಆಯ್ತು. ನಾವು ದಾವಣಗೆರೆಯಲ್ಲಿ ಕಬಡ್ಡಿ ಆಡುವಾಗ ಸ್ಕ್ಯಾನ್ ಎಲ್ಲಿತ್ತು?

ಫಿಸಿಯೋ: ಮಾತ್ರೆ ಕೊಟ್ಟು ಆಡಿಸಬೇಡಿ. ಮೂಳೆ ಕೊಡುವ ಒಂದೇ ಒಂದು ಸೂಚನೆ ಆ ನೋವು. ಅದನ್ನೂ ಮುಚ್ಚಿಬಿಟ್ಟರೆ ಹುಡುಗ ಬಿರುಕಿನ ಮೇಲೇ ಓಡುತ್ತಾನೆ.

ಕ್ಲೈಡ್ ಅಮ್ಮ: ದಾವಣಗೆರೆಯ ನಿಮ್ಮ ಎಷ್ಟು ಗೆಳೆಯರು 40ಕ್ಕೇ ಸೊಂಟ ಹಿಡಿದುಕೊಂಡಿದ್ದಾರೆ ಅಂತಲೂ ಹೇಳಿ ಸರ್.

ಪಾಯಿಂಟ್ ಕುಕ್ ಅಪ್ಪ: ನಾನು ಮೇಡಂ ಹತ್ತಿರ ಮಾತಾಡ್ತಿದ್ದೆ.

ಮೈಸೂರಿನ ಅಜ್ಜ: ನಮಸ್ಕಾರ ಅಮ್ಮಾ. ಮೊಮ್ಮಗ ಟ್ರುಗನೀನಾದಲ್ಲಿ ಆಡುತ್ತಾನೆ. ನನಗೆ ಬಂದ ಮೆಸೇಜ್ ಇಲ್ಲಿ ಹಾಕಿದ್ದೇನೆ. "ದಿನಾ 20 ನಿಮಿಷ ಕಂಬಿಗೆ ನೇತಾಡಿ, ರಾತ್ರಿ ಹಾಲಿಗೆ ಅಶ್ವಗಂಧ ಪುಡಿ ಹಾಕಿ ಕುಡಿದರೆ ಮೂರು ತಿಂಗಳಲ್ಲಿ ನಾಲ್ಕು ಇಂಚು ಎತ್ತರ. ಬೆನ್ನುನೋವಿಗೆ ಬಿಸಿ ಎಳ್ಳೆಣ್ಣೆ ತಿಕ್ಕಿ, ಬೆನ್ನ ಮೇಲೆ ಮಗು ನಿಲ್ಲಿಸಿ ಲಟಕ್ಕನ್ನಿಸಿ." ವೆರಿಬೀ ಅವರಿಗೂ ಉಪಯೋಗ ಆಗಬಹುದು.

ಫಿಸಿಯೋ: ಅಜ್ಜ, ಮೊಮ್ಮಗನ ಮೇಲಿನ ಪ್ರೀತಿಯಿಂದ ಹಾಕಿದ್ದೀರಿ, ಗೊತ್ತು. ಆದರೆ ಇದರಲ್ಲಿ ಎತ್ತರ ಬೆಳೆಸುವುದು ಯಾವುದೂ ಇಲ್ಲ. ಬೆನ್ನ ಮೇಲೆ ಮಗು ನಿಲ್ಲಿಸುವ ಮಾತು ದಯವಿಟ್ಟು ಅಳಿಸಿ. ಬಿರುಕು ಇರಬಹುದಾದ ಬೆನ್ನು ಅದು. ವೆರಿಬೀ ಅಮ್ಮ, ಇದನ್ನು ಮಾಡಬೇಡಿ.

ಟ್ರುಗನೀನಾ ಅಪ್ಪ: ಎತ್ತರ ಎಷ್ಟಿದ್ದರೆ ಒಳ್ಳೆಯದು ಮೇಡಂ? ಮಗನಿಗೆ 13.

ಫಿಸಿಯೋ: ಮೇಲೆ ಹೇಳಿದ್ದೇನೆ.

ಟಾರ್ನೀಟ್ ಅಪ್ಪ: ಪ್ರೋಟೀನ್ ಪುಡಿ, ಕ್ರಿಯಾಟಿನ್ ಕೊಡಬಹುದಾ? ಜಿಮ್‌ನವರು ಒಂದು "ಟೆಸ್ಟೋ ಬೂಸ್ಟರ್" ಕೂಡ ಹೇಳಿದರು.

ಫಿಸಿಯೋ: 14 ವರ್ಷದ ಹುಡುಗನಿಗೆ? ಬೇಡ. ಒಂದೂ ಬೇಡ. ಆ ಬೂಸ್ಟರ್ ಡಬ್ಬಿಯೊಳಗೆ ಏನಿದೆ ಅಂತ ಜಿಮ್‌ನವರಿಗೂ ಗೊತ್ತಿರುವುದಿಲ್ಲ. ಎಸೆಂಡನ್ ಕ್ಲಬ್‌ನ ಕಥೆ ಗೊತ್ತಲ್ವಾ? 2012ರ ಸಪ್ಲಿಮೆಂಟ್ ಕಾರ್ಯಕ್ರಮಕ್ಕಾಗಿ 2016ರ ಜನವರಿಯಲ್ಲಿ 34 ಆಟಗಾರರಿಗೆ ನಿಷೇಧ ಬಿತ್ತು. ನಾಯಕ ಜೋಬ್ ವಾಟ್ಸನ್ ಬ್ರೌನ್‌ಲೋ ಪದಕ ಕಳೆದುಕೊಂಡರು. ಅದು ವೃತ್ತಿಪರ ಕ್ಲಬ್, ಸುತ್ತ ಎಲ್ಲ ತಜ್ಞರೂ ಇದ್ದರು. ಮೈಗೆ ಹೋದ ವಸ್ತುವಿಗೆ ಆಟಗಾರನೇ ಹೊಣೆ, ಯಾರು ಕೊಟ್ಟರೂ ಸರಿ. ಔಷಧಿ ಏನೇ ಇದ್ದರೂ ಸ್ಪೋರ್ಟ್ ಇಂಟೆಗ್ರಿಟಿ ಆಸ್ಟ್ರೇಲಿಯಾದ ಆ್ಯಪ್‌ನಲ್ಲಿ ನೋಡಿ.

ಕ್ಲೈಡ್ ಅಮ್ಮ: ನಾವು ಸಸ್ಯಾಹಾರಿಗಳು. ಮಾಂಸ ತಿನ್ನದೆ ಈ ಆಟ ಆಗಲ್ಲ ಅಂತ ಕ್ಲಬ್‌ನಲ್ಲಿ ಒಬ್ಬರು ಹೇಳಿದರು. ನಿಜಾನಾ?

ಫಿಸಿಯೋ: ಆಗುತ್ತದೆ. ಬೇಳೆ, ಕಾಳು, ಹಾಲು, ಮೊಸರು, ಪನೀರ್ ಪ್ರಮಾಣ ಜಾಸ್ತಿ ಮಾಡಿ. ಜಿಪಿ ಹತ್ತಿರ ಕಬ್ಬಿಣ, ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಮೆಲ್ಬರ್ನ್ ಚಳಿಗಾಲದಲ್ಲಿ ನಮ್ಮ ಬಣ್ಣದ ಚರ್ಮಕ್ಕೆ ವಿಟಮಿನ್ ಡಿ ಸುಲಭವಾಗಿ ಸಾಲದೆ ಹೋಗುತ್ತದೆ. ಮೂಳೆಗೆ ಅದು ಬೇಕೇ ಬೇಕು. ವೆರಿಬೀ ಅಮ್ಮ, ನೀವೂ ಮಾಡಿಸಿ.

ಮೈಸೂರಿನ ಅಜ್ಜ: ರಾಗಿ ಕೊಟ್ಟರೆ ಸಾಕಲ್ಲವೇ ಅಮ್ಮಾ? ಇನ್ನೊಂದು ಮೆಸೇಜ್ ಬಂದಿದೆ, ಮೊಳಕೆ ರಾಗಿಯಿಂದ ಮುರಿದ ಮೂಳೆ 21 ದಿನಕ್ಕೆ ಕೂಡುತ್ತದಂತೆ.

ಫಿಸಿಯೋ: ರಾಗಿ ಒಳ್ಳೆಯ ಊಟ. 100 ಗ್ರಾಂನಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾರಾಳವಾಗಿ ಕೊಡಿ. 21 ದಿನದ ಮಾತು ಸುಳ್ಳು. ಅದನ್ನು ನಂಬಿ 22ನೇ ದಿನ ಹುಡುಗನನ್ನು ಮೈದಾನಕ್ಕೆ ಇಳಿಸುವವರು ಇರುತ್ತಾರೆ. ಅಂಥ ಹುಡುಗರು ನನ್ನ ಕ್ಲಿನಿಕ್‌ಗೆ ಬಂದಿದ್ದಾರೆ. ದಯವಿಟ್ಟು ಇಲ್ಲಿ ಇನ್ನು ಫಾರ್ವರ್ಡ್ ಹಾಕಬೇಡಿ.

ಪಾಯಿಂಟ್ ಕುಕ್ ಅಪ್ಪ: ಸತ್ಯ ಯಾರೂ ಹೇಳ್ತಿಲ್ಲ. ಎತ್ತರ, ಊಟ, ಬೆನ್ನು ಎಲ್ಲ ನೆಪ. ನಮ್ಮ ಮುಖ ನೋಡಿದ ತಕ್ಷಣ "ಇವನು ಕ್ರಿಕೆಟ್ ಹುಡುಗ" ಅಂತ ಬದಿಗೆ ಸರಿಸ್ತಾರೆ. ಎಎಫ್‌ಎಲ್‌ನಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಎಣಿಸಿ.

ಟಾರ್ನೀಟ್ ಅಪ್ಪ: ಸುಮ್ನೆ ದೂರಬೇಡಿ ಸರ್. ನಮ್ಮ ಕ್ಲಬ್‌ನಲ್ಲಿ ಮಗನನ್ನು ಮನೆಮಗನ ಹಾಗೆ ನೋಡ್ಕೊಳ್ತಾರೆ. ಮೊದಲು ನಾವು ಶನಿವಾರ ಬೆಳಿಗ್ಗೆ ಹೋಗಿ ಬೌಂಡರಿಯಲ್ಲಿ ನಿಲ್ಲಬೇಕು. ಟ್ಯೂಷನ್ ಇದೆ ಅಂತ ಟ್ರೈನಿಂಗ್ ತಪ್ಪಿಸೋದು ನಾವೇ.

ಪಾಯಿಂಟ್ ಕುಕ್ ಅಪ್ಪ: ನಿಮ್ಮ ಮಗ 14. ನನ್ನ ದೊಡ್ಡವನು ಮೂರು ವರ್ಷ ಬೆಂಚ್ ಮೇಲೆ ಕೂತ. ಅನುಭವಿಸಿದವರಿಗೆ ಗೊತ್ತು. ನೀವು ಪಾಠ ಹೇಳಬೇಡಿ.

ಫಿಸಿಯೋ: ಇಬ್ಬರ ಮಾತಲ್ಲೂ ನಾನು ಕಣ್ಣಾರೆ ಕಂಡದ್ದು ಇದೆ. ನಮ್ಮ ಮಕ್ಕಳಿಗೆ ಬೇಗ ಹಣೆಪಟ್ಟಿ ಕಟ್ಟುವ ಕೋಚ್‌ಗಳಿದ್ದಾರೆ. ದೊಡ್ಡ ಹುಡುಗನ ವಿಷಯ ಕೇಳಿ ಬೇಜಾರಾಯಿತು ಸರ್. ವೆಸ್ಟ್ ಕೋಸ್ಟ್ ಕ್ಲಬ್‌ಗೆ 2006ರ ಫೈನಲ್ ಗೆದ್ದುಕೊಟ್ಟ ತಂಡದಲ್ಲಿದ್ದ ಡೇನಿಯಲ್ ಕೆರ್ ಅವರ ತಂದೆ ಹುಟ್ಟಿದ್ದು ಕೋಲ್ಕತ್ತದಲ್ಲಿ. ಬಲರಾಜ್ ಸಿಂಗ್ ಎಎಫ್‌ಎಲ್ ಅಂಪೈರ್ ಆದರು. ಅಂಥವರು ಕಡಿಮೆ ಅನ್ನುವುದೂ ನಿಜ. ಮೂಲನಿವಾಸಿ ಮತ್ತು ಹೊರದೇಶದ ಮೂಲದ ಮಕ್ಕಳಿಗಾಗಿ ಕ್ಲಬ್‌ಗಳು ನೆಕ್ಸ್ಟ್ ಜನರೇಷನ್ ಅಕಾಡೆಮಿ ನಡೆಸುತ್ತವೆ. ನಿಮ್ಮ ಪ್ರದೇಶದ ಕ್ಲಬ್ ಯಾವುದು ಅಂತ ಕೇಳಿ, ಚಿಕ್ಕವನನ್ನು ಸೇರಿಸಲು ಆಗುತ್ತಾ ನೋಡಿ.

ಸನ್‌ಬರಿ ಅಮ್ಮ: ಮಗಳಿಗೆ 13, ಹುಡುಗಿಯರ ತಂಡದಲ್ಲಿ ಆಡುತ್ತಾಳೆ. ಮಂಡಿ ಬಗ್ಗೆ ಒಂದು ಪ್ರಶ್ನೆ ಇತ್ತು.

ಪಾಯಿಂಟ್ ಕುಕ್ ಅಪ್ಪ: ಅಕಾಡೆಮಿ ಎಲ್ಲ ಫೋಟೋಗೆ ಮೇಡಂ.

ಕ್ಲೈಡ್ ಅಮ್ಮ: ಎಲ್ಲದಕ್ಕೂ ಕೊಂಕು ಹೇಳೋದೇ ಆದರೆ ಪ್ರಶ್ನೆ ಯಾಕೆ ಕೇಳ್ತೀರಿ?

ಟಾರ್ನೀಟ್ ಅಪ್ಪ: ಮಕ್ಕಳು ಓದ್ತಾರೆ ಈ ಗುಂಪನ್ನ. ಸ್ವಲ್ಪ ನೋಡಿ ಬರೀರಿ.

ಪಾಯಿಂಟ್ ಕುಕ್ ಅಪ್ಪ: ನೀವು ನೋಡಿ ಬರೀರಿ.

ಅಡ್ಮಿನ್: ದಯವಿಟ್ಟು ಇಬ್ಬರೂ ನಿಲ್ಲಿಸಿ.

ಕ್ರೇಗೀಬರ್ನ್ ಸದಸ್ಯ: ಮೇಡಂ, ನಮ್ಮ ಹುಡುಗ 17. 20 ಮೀಟರ್ 2.95 ಸೆಕೆಂಡ್, 2 ಕಿಲೋಮೀಟರ್ 6 ನಿಮಿಷ 20. ಮೊದಲ ಹತ್ತು ಪಿಕ್‌ನಲ್ಲಿ ಬರ್ತಾನೆ ಅಂತ ಮಾತಿದೆ. ಇನ್ನೇನು ಮಾಡಿಸಬೇಕು?

ಫಿಸಿಯೋ: ಸಮಯ ಚೆನ್ನಾಗಿದೆ. ಇನ್ನೇನೂ ಸೇರಿಸಬೇಡಿ. ಕಂಬೈನ್‌ನಲ್ಲಿ, ಅಂದರೆ ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ, ಓಟ, ಜಿಗಿತ ಅಳೆಯುತ್ತಾರೆ. ಆದರೆ ಆರಿಸುವವರು ಬೇರೆಯದನ್ನೂ ಗಮನಿಸುತ್ತಾರೆ. ಮೂರು ಜನ ಮೇಲೆ ಬಿದ್ದಾಗ ಅವನ ಕೈ ಚೆಂಡಿನ ಮೇಲೆ ಹೇಗಿರುತ್ತದೆ, ತಪ್ಪು ಮಾಡಿದ ಮರುಕ್ಷಣ ಎದ್ದು ಅಟ್ಟಿಸಿಕೊಂಡು ಹೋಗುತ್ತಾನಾ, ನಿಂತು ಬಿಡುತ್ತಾನಾ ಅಂತ.

ಮನೆಯಲ್ಲಿ ಪಿಕ್ ನಂಬರ್ ಮಾತು ಕಡಿಮೆ ಮಾಡಿ. ಟಾಮ್ ಬಾಯ್ಡ್ 2013ರ ಮೊದಲ ಪಿಕ್. 2016ರ ಫೈನಲ್‌ನಲ್ಲಿ ಮೂರು ಗೋಲ್ ಹೊಡೆದರು. 23ಕ್ಕೇ ನಿವೃತ್ತಿಯಾದರು. ಮನಸ್ಸಿನ ಮೇಲೆ ಎಷ್ಟು ಭಾರ ಇತ್ತು ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರೆ. ನಿಮ್ಮ ಹುಡುಗ ಸರಿಯಾಗಿ ನಿದ್ದೆ ಮಾಡ್ತಾನಾ, ಫೂಟಿ ಗೊತ್ತಿಲ್ಲದ ಒಬ್ಬ ಗೆಳೆಯನಾದರೂ ಇದ್ದಾನಾ, ಅದನ್ನು ನೋಡಿ.

ಹಾಪರ್ಸ್ ಕ್ರಾಸಿಂಗ್ ಅಪ್ಪ: ಡ್ರಾಫ್ಟ್‌ಗೆ ಮಿನಿಮಮ್ ಹೈಟ್ ಎಷ್ಟು?

ಫಿಸಿಯೋ: ಇಲ್ಲ.

ಹಾಪರ್ಸ್ ಕ್ರಾಸಿಂಗ್ ಅಪ್ಪ: ಇಲ್ಲ ಅಂದ್ರೆ?

ಕ್ಲೈಡ್ ಅಮ್ಮ: ಮೇಲೆ ಓದಿ ಸರ್! ಮೂರನೇ ಸಲ ಇದು.

ಸನ್‌ಬರಿ ಅಮ್ಮ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ ಅನಿಸುತ್ತೆ.

ಮೈಸೂರಿನ ಅಜ್ಜ: (ಫಾರ್ವರ್ಡ್ ಮಾಡಿದ ವಿಡಿಯೋ: "ಬೆನ್ನುಮೂಳೆ ಬಿರುಕಿಗೆ ನಾಟಿ ಎಣ್ಣೆ, ಮೂರೇ ದಿನ")

ಫಿಸಿಯೋ: ಅಜ್ಜ, ಬೇಡ ಅಂದಿದ್ದೆ. ಅಡ್ಮಿನ್, ಈ ವಿಡಿಯೋ ತೆಗೆಯಿರಿ. ಯಾರೋ ಒಬ್ಬ ತಾಯಿ ಇದನ್ನು ನಂಬಿ ಮೂರು ವಾರ ಕಾದರೆ ಆ ಮೂರು ವಾರ ಮತ್ತೆ ಸಿಗುವುದಿಲ್ಲ. ನನಗೆ ಇದು ತಮಾಷೆಯ ವಿಷಯ ಅಲ್ಲ.

ವೆರಿಬೀ ಅಮ್ಮ: ಜಿಪಿಗೆ ಹೋಗಿ ಬಂದೆವು. ಮೊದಲು ಎಕ್ಸ್‌ರೇ ಸಾಕು ಅಂದರು. ನೀವು ಬರೆದಿದ್ದನ್ನು ತೋರಿಸಿದ ಮೇಲೆ ಎಂಆರ್‌ಐಗೂ ಬರೆದುಕೊಟ್ಟರು. ಮಂಗಳವಾರ ಸ್ಕ್ಯಾನ್. ಭಾನುವಾರದ ಟ್ರಯಲ್‌ಗೆ ಬರಲ್ಲ ಅಂತ ಕೋಚ್‌ಗೆ ಅವನೇ ಮೆಸೇಜ್ ಕಳಿಸಿದ. ಬೆನ್ನು ನೋಯುತ್ತಿದೆ ಅಂತ ಹೇಳಿದರೆ ತೆಗೆದುಬಿಡ್ತಾರೆ ಅಂತ ಆರು ವಾರ ಮುಚ್ಚಿಟ್ಟಿದ್ದನಂತೆ. ಈಗ ಕೇಳ್ತಿದ್ದಾನೆ, ಕೂತಲ್ಲೇ ಚೆಂಡು ಹಿಡಿಯುವ ಅಭ್ಯಾಸ ಮಾಡಬಹುದಾ ಅಂತ.

ಫಿಸಿಯೋ: ಮಾಡಬಹುದು. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಕೂರಿಸಿ, ನೀವೇ ಎದುರಿನಿಂದ ಮೆತ್ತಗೆ ಎಸೆಯಿರಿ, ಎದೆಯ ಮಟ್ಟಕ್ಕೆ. ತಿರುಗಿ ಹಿಡಿಯುವುದು ಬೇಡ, ತಲೆಯ ಮೇಲಿನದು ಬೇಡ. ನೋವು ಬಂದರೆ ಅಲ್ಲೇ ನಿಲ್ಲಿಸಿ. ಕೈಯ ಹೊಸ ಅಳತೆ ಕೂರಲು ಅದೂ ಸಹಾಯ ಮಾಡುತ್ತದೆ. ರಿಪೋರ್ಟ್ ಬಂದ ತಕ್ಷಣ ನನಗೆ ನೇರವಾಗಿ ಮೆಸೇಜ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.

ಅಡ್ಮಿನ್: ಕಾಮೆಂಟ್ ಇಲ್ಲಿಗೆ ಮುಚ್ಚುತ್ತಿದ್ದೇನೆ. ಉಳಿದ ಪ್ರಶ್ನೆಗಳು ಮುಂದಿನ ತಿಂಗಳಿಗೆ.