ಮೂರು ವರ್ಷದ ಮಗಳ ಮಾಲುಗಣ್ಣು: ಕನ್ನಡಕ ಸಾಕೇ, ಶಸ್ತ್ರಚಿಕಿತ್ಸೆಯೇ ಬೇಕೇ?

ಪ್ರಶ್ನೆ: ವಿದ್ಯಾನಗರದ ಅಮ್ಮ, ದಾವಣಗೆರೆ

ನಮ್ಮ ಮಗಳಿಗೆ ಈಚೆಗೆ ಮೂರು ವರ್ಷ ತುಂಬಿತು. ಕೆಲವು ತಿಂಗಳುಗಳಿಂದ ಅವಳ ಬಲಗಣ್ಣು ಮೂಗಿನ ಕಡೆಗೆ ಸರಿಯುತ್ತಿರುವುದನ್ನು ಗಮನಿಸುತ್ತಿದ್ದೇವೆ. ಎಲ್ಲ ಹೊತ್ತಿನಲ್ಲಿಯೂ ಹಾಗಿರುವುದಿಲ್ಲ. ಬಾಗಿಲಲ್ಲಿ ನಿಂತು ರಸ್ತೆಯ ತುದಿಯಲ್ಲಿ ಬರುವ ಆಟೋ ನೋಡುವಾಗ ಎರಡೂ ಕಣ್ಣುಗಳು ನೇರವಾಗಿಯೇ ಇರುತ್ತವೆ. ಸಂಜೆ ತಟ್ಟೆಯ ಮುಂದೆ ಕುಳಿತು ಮಂಡಕ್ಕಿಯೊಳಗಿನ ಶೇಂಗಾ ಬೀಜಗಳನ್ನು ಒಂದೊಂದಾಗಿ ಆರಿಸತೊಡಗಿದಾಗ ಮಾತ್ರ ಬಲಗಣ್ಣಿನ ಕರಿಗುಡ್ಡೆ ಒಳಕ್ಕೆ ಸರಿದು, ಹೊರಬದಿಯಲ್ಲಿ ಬರೀ ಬಿಳಿ ಕಾಣುತ್ತದೆ. ದಣಿದಾಗ ಮತ್ತು ಮೈ ಬೆಚ್ಚಗಾದಾಗ ಇದು ಇನ್ನೂ ಹೆಚ್ಚು.

ಮೊದಲು ತೋರಿಸಿದ ವೈದ್ಯರು ಮೂರು ದಿನ ಕಣ್ಣಿಗೆ ಮುಲಾಮು ಹಚ್ಚಿಸಿ, ಅನಂತರ ಪವರ್ ಪರೀಕ್ಷಿಸಿ, ಎಡಗಣ್ಣಿಗೆ ಪ್ಲಸ್ ನಾಲ್ಕು, ಬಲಗಣ್ಣಿಗೆ ಪ್ಲಸ್ ಐದೂವರೆ ಬರೆದುಕೊಟ್ಟರು. ಕನ್ನಡಕವನ್ನು ಎಚ್ಚರವಿರುವಷ್ಟು ಹೊತ್ತೂ ಹಾಕಿಸಬೇಕು, ಕೆಲವು ವಾರಗಳ ನಂತರ ಮತ್ತೆ ನೋಡೋಣ ಎಂದರು. ನಮ್ಮ ಯಜಮಾನರ ಅಣ್ಣನವರ ಒತ್ತಾಯಕ್ಕೆ ಇನ್ನೊಬ್ಬ ವೈದ್ಯರ ಬಳಿಗೂ ಹೋದೆವು. ಅವರು ಓರೆ ಸಾಕಷ್ಟು ದೊಡ್ಡದಿದೆ, ಶಾಲೆಗೆ ಸೇರಿಸುವ ಮುನ್ನ ಶಸ್ತ್ರಚಿಕಿತ್ಸೆ ಮಾಡಿಸಿಬಿಡುವುದು ಒಳ್ಳೆಯದು ಎಂದರು. ಇಬ್ಬರೂ ಅನುಭವಸ್ಥರು, ಇಬ್ಬರೂ ಸಮಾಧಾನದಿಂದಲೇ ಮಾತನಾಡಿದರು. ಆದರೆ ಹೇಳಿದ್ದು ಮಾತ್ರ ಎರಡು ದಿಕ್ಕು. ಇನ್ನು ನಮ್ಮ ಅತ್ತೆಯವರು, ಹೆಣ್ಣುಮಗುವಿಗೆ ಇಂಥ ಕಣ್ಣು ಅದೃಷ್ಟದ ಗುರುತು, ಮುಟ್ಟಲೇಬಾರದು ಎನ್ನುತ್ತಾರೆ.

ಇಷ್ಟು ಚಿಕ್ಕ ವಯಸ್ಸಿಗೆ ಕನ್ನಡಕ ಹಾಕಿದರೆ ಜೀವನಪರ್ಯಂತ ಅದಕ್ಕೇ ಅಂಟಿಕೊಳ್ಳಬೇಕಾಗುತ್ತದೆಯೇ, ಶಸ್ತ್ರಚಿಕಿತ್ಸೆ ಮಾಡಿಸಿದರೆ ಕನ್ನಡಕದ ಗೋಜೇ ತಪ್ಪುತ್ತದೆಯೇ, ಇನ್ನೊಂದು ವರ್ಷ ಕಾದು ನೋಡಿದರೆ ತೊಂದರೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಹೊಳಲ್ಕೆರೆ ಕಡೆಯವನು

ಮೇಡಂ, ನಮ್ಮ ಮಗನಿಗೆ ಶಸ್ತ್ರಚಿಕಿತ್ಸೆಯಾಗಿದೆ. ಆದರೆ ಅವನ ಕಥೆ ನಿಮ್ಮ ಮಗಳದ್ದಕ್ಕಿಂತ ಬೇರೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವನಿಗೆ ಆರು ತಿಂಗಳು ತುಂಬುವ ಮೊದಲೇ ಎರಡೂ ಕಣ್ಣುಗಳು ಒಳಕ್ಕೆ ತಿರುಗಿದ್ದವು. ದೂರ ನೋಡಿದರೂ ಹತ್ತಿರ ನೋಡಿದರೂ ಒಂದೇ ಸಮನಾದ ಓರೆ. ಪವರ್ ಪರೀಕ್ಷಿಸಿದಾಗ ಅಷ್ಟೇನೂ ಬರಲಿಲ್ಲ. ಇಂಥ ಮಕ್ಕಳಿಗೆ ಕನ್ನಡಕದಿಂದ ಕಣ್ಣು ನೇರವಾಗುವುದಿಲ್ಲ, ಎರಡು ವರ್ಷ ತುಂಬುವುದರೊಳಗೆ ಶಸ್ತ್ರಚಿಕಿತ್ಸೆಯಾದರೆ ಎರಡು ಕಣ್ಣುಗಳೂ ಕೂಡಿ ನೋಡುವುದನ್ನು ಸ್ವಲ್ಪವಾದರೂ ಕಲಿಯುತ್ತವೆ ಎಂದು ವೈದ್ಯರು ವಿವರಿಸಿದ್ದರು. ಬೆಂಗಳೂರಿನಲ್ಲಿ ಮಾಡಿಸಿದೆವು.

ಊರಿನಲ್ಲಿ ಅನೇಕರು ಕಣ್ಣುಗುಡ್ಡೆಯನ್ನೇ ಹೊರಗೆ ತೆಗೆದು ಮತ್ತೆ ಕೂರಿಸುತ್ತಾರೆ ಎಂದು ಹೆದರಿಸಿದ್ದರು. ಅಂಥದ್ದೇನೂ ಇಲ್ಲ. ಒಂದೊಂದು ಕಣ್ಣನ್ನೂ ಆಡಿಸುವ ಆರು ಸ್ನಾಯುಗಳಿರುತ್ತವೆ. ಒಳಕ್ಕೆ ಎಳೆಯುವ ಸ್ನಾಯುವನ್ನು ಬಿಡಿಸಿ, ಅಳತೆ ಮಾಡಿ ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿಯುತ್ತಾರೆ. ಅಗತ್ಯವಿದ್ದರೆ ಹೊರಬದಿಯ ಸ್ನಾಯುವನ್ನು ಬಿಗಿಗೊಳಿಸುತ್ತಾರೆ. ಮಕ್ಕಳಿಗೆ ಪೂರ್ಣ ಅರಿವಳಿಕೆ ಬೇಕೇ ಬೇಕು. ನಮಗೆ ಕಷ್ಟವೆನಿಸಿದ್ದು ಶಸ್ತ್ರಚಿಕಿತ್ಸೆಗಿಂತ ಅದಕ್ಕೆ ಮುಂಚಿನ ಉಪವಾಸವೇ. ಹಾಲಿಗಾಗಿ ಅಳುವ ಮಗುವನ್ನು ಎತ್ತಿಕೊಂಡು ವಾರ್ಡಿನ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆವು. ಸಂಜೆಯೇ ಮನೆಗೆ ಕಳುಹಿಸಿದರು. ಕಣ್ಣಿನ ಬಿಳಿಭಾಗ ಕೆಲವು ವಾರ ಕೆಂಪಾಗಿತ್ತು, ಹನಿ ಹಾಕುತ್ತಿದ್ದೆವು, ಕಣ್ಣಿಗೆ ನೀರು ಬೀಳದಂತೆ ನೋಡಿಕೊಂಡೆವು.

ಒಂದು ವಿಷಯವನ್ನು ಮಾತ್ರ ಯಾರೂ ಮುಚ್ಚಿಡಬಾರದು. ಎಷ್ಟೇ ನಿಖರವಾಗಿ ಮಾಡಿದರೂ ಕೆಲವು ಮಕ್ಕಳಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನಮಗೆ ಇದನ್ನು ಸಹಿ ಹಾಕಿಸಿಕೊಳ್ಳುವ ಮೊದಲೇ ಹೇಳಿದ್ದರು, ಆದ್ದರಿಂದ ಮುಂದೆ ಸಣ್ಣ ಓರೆ ಉಳಿದುಕೊಂಡಾಗ ಗಾಬರಿಯಾಗಲಿಲ್ಲ. ನಿಮಗೆ ಶಸ್ತ್ರಚಿಕಿತ್ಸೆ ಸೂಚಿಸಿದವರನ್ನು ಈ ಪ್ರಶ್ನೆಯನ್ನು ನೇರವಾಗಿಯೇ ಕೇಳಿರಿ.

ಉತ್ತರ: ಹಿರಿಯೂರಿನ ಹಿರಿಯ

ತಂಗಿ, ನಮ್ಮ ಮೊಮ್ಮಗನಿಗೂ ಕೂಸಿದ್ದಾಗ ಹೀಗೆಯೇ ಕಾಣುತ್ತಿತ್ತು. ನಾವು ಯಾವ ಆಸ್ಪತ್ರೆಗೂ ಹೋಗಲಿಲ್ಲ. ಎರಡು ವರ್ಷ ದಾಟುವಷ್ಟರಲ್ಲಿ ತಾನಾಗಿಯೇ ಸರಿಹೋಯಿತು. ಈಗಿನವರು ಎಲ್ಲದಕ್ಕೂ ಅವಸರ ಮಾಡುತ್ತಾರೆ. ಐದು ವರ್ಷದವರೆಗೆ ಕಾಯುವುದರಲ್ಲಿ ತಪ್ಪಿಲ್ಲವೆಂದು ನನ್ನ ಅಭಿಪ್ರಾಯ.

ಉತ್ತರ: ಕಣ್ಣಿನ ವಿಭಾಗದ ಉದ್ಯೋಗಿ, ದಾವಣಗೆರೆ

ನಾನು ದೃಷ್ಟಿ ಪರೀಕ್ಷಕಿ. ಮಕ್ಕಳ ಪವರ್ ನೋಡುವುದೇ ನನ್ನ ದಿನನಿತ್ಯದ ಕೆಲಸ. ಶಸ್ತ್ರಚಿಕಿತ್ಸೆಯ ನಿರ್ಧಾರ ವೈದ್ಯರದ್ದಾದರೂ, ತಂದೆತಾಯಿಗಳು ತಿಳಿದಿರಬೇಕಾದುದನ್ನು ಇಲ್ಲಿ ಬರೆಯುತ್ತೇನೆ.

ಹಿರಿಯರ ಮೊಮ್ಮಗನ ವಿಷಯವನ್ನು ಮೊದಲು ಹೇಳುತ್ತೇನೆ. ಕೂಸುಗಳ ಮೂಗಿನ ಬುಡ ಚಪ್ಪಟೆಯಾಗಿ ಅಗಲವಾಗಿರುವುದರಿಂದ, ಕಣ್ಣಿನ ಒಳಮೂಲೆಯ ಬಿಳಿಭಾಗ ಚರ್ಮದಲ್ಲಿ ಮುಚ್ಚಿಹೋಗಿ, ನೇರವಾಗಿರುವ ಕಣ್ಣೂ ಓರೆಯಾದಂತೆ ತೋರುವುದುಂಟು. ಮೂಗು ಎತ್ತರವಾದಂತೆ ಆ ತೋರಿಕೆ ಹೋಗುತ್ತದೆ. ಅಲ್ಲಿ ಸರಿಹೋಗಬೇಕಾದ ದೋಷವೇ ಇದ್ದಿರಲಾರದು. ಟಾರ್ಚಿನ ಬೆಳಕನ್ನು ಎದುರಿನಿಂದ ಬಿಟ್ಟಾಗ ಎರಡೂ ಪಾಪೆಗಳಲ್ಲಿ ಬೆಳಕಿನ ಚುಕ್ಕಿ ಒಂದೇ ಜಾಗದಲ್ಲಿ ಕಂಡರೆ ಅದು ಬಹುಮಟ್ಟಿಗೆ ತೋರಿಕೆಯ ಓರೆ. ಒಂದು ಕಣ್ಣಿನಲ್ಲಿ ಚುಕ್ಕಿ ಪಾಪೆಯ ಹೊರಬದಿಗೆ ಸರಿದಿದ್ದರೆ ನಿಜವಾದ ಒಳಓರೆ. ಪ್ಲಸ್ ಐದೂವರೆ ಪವರ್ ಬಂದಿರುವ, ಹತ್ತಿರ ನೋಡುವಾಗ ಕಣ್ಣು ತಿರುಗುವ ಮಗುವಿನದ್ದು ತೋರಿಕೆಯಲ್ಲ. ಅದು ಕಾದರೆ ಹೋಗುವುದಿಲ್ಲ.

ಪ್ಲಸ್ ಪವರ್ ಇರುವ ಮಗು ಸ್ಪಷ್ಟವಾಗಿ ನೋಡಬೇಕಾದರೆ ಕಣ್ಣಿನೊಳಗಿನ ಮಸೂರವನ್ನು ಸದಾ ಹುರಿಗೊಳಿಸಬೇಕು. ಹತ್ತಿರದ ಶೇಂಗಾ ಬೀಜಕ್ಕಂತೂ ಇನ್ನೂ ಹೆಚ್ಚು. ಮಸೂರದ ಈ ಶ್ರಮಕ್ಕೂ ಕಣ್ಣುಗಳು ಒಳಕ್ಕೆ ತಿರುಗುವುದಕ್ಕೂ ಮಿದುಳಿನಲ್ಲಿ ಹುಟ್ಟಿನಿಂದಲೇ ಜೋಡಣೆಯಿದೆ; ಒಂದು ಹೆಚ್ಚಾದರೆ ಇನ್ನೊಂದೂ ಹೆಚ್ಚುತ್ತದೆ. ಕನ್ನಡಕ ಆ ಶ್ರಮವನ್ನು ತಾನು ಹೊತ್ತುಕೊಂಡಾಗ ಓರೆಯೂ ಇಳಿಯುತ್ತದೆ. ಇಂಥ ಓರೆ ಸಾಮಾನ್ಯವಾಗಿ ಎರಡು ಮೂರು ವರ್ಷದ ಆಸುಪಾಸಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಕನ್ನಡಕದಿಂದ ಕಣ್ಣು ಪೂರ್ತಿ ನೇರವಾಗುತ್ತದೆ, ಕೆಲವರಲ್ಲಿ ಭಾಗಶಃ. ಕನ್ನಡಕ ಹಾಕಿದಾಗಲೂ ಹತ್ತಿರಕ್ಕೆ ಮಾತ್ರ ಓರೆ ಉಳಿದರೆ ಎರಡು ಪವರ್‌ಗಳ ಬೈಫೋಕಲ್ ಗಾಜು ಕೊಡುವುದೂ ಇದೆ.

ಆದ್ದರಿಂದ ಕನ್ನಡಕವೋ ಶಸ್ತ್ರಚಿಕಿತ್ಸೆಯೋ ಎಂದು ಈಗಲೇ ಒಂದನ್ನು ಆರಿಸಿಕೊಳ್ಳುವ ಪ್ರಸಂಗ ಇದಲ್ಲ. ಮಸೂರದ ಶ್ರಮವನ್ನು ತಾತ್ಕಾಲಿಕವಾಗಿ ಸಡಿಲಿಸುವ ಆ ಮುಲಾಮು ಹಚ್ಚಿ ಕಂಡುಹಿಡಿದ ಪೂರ್ತಿ ಪವರಿನ ಕನ್ನಡಕವನ್ನು ಕೆಲವು ವಾರ ಬಿಡದೆ ಹಾಕಿಸಿ, ಕನ್ನಡಕದ ಮೇಲೆಯೇ ಪ್ರಿಸಂ (ಓರೆ ಅಳೆಯುವ ಪಟ್ಟಕದ ಗಾಜು) ಇಟ್ಟು ಅಳೆದಾಗ ಎಷ್ಟು ಓರೆ ಉಳಿಯುತ್ತದೆಯೋ ಅದು ಮಾತ್ರ ಶಸ್ತ್ರಚಿಕಿತ್ಸೆಯ ಪಾಲು. ಕನ್ನಡಕದಿಂದಲೇ ನೇರವಾಗುವ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರೆ, ಮುಂದೆ ಪ್ಲಸ್ ಇಳಿದಾಗ ಕಣ್ಣು ಹೊರಕ್ಕೆ ಹೋಗುವ ಅಪಾಯವಿದೆ. ಶಸ್ತ್ರಚಿಕಿತ್ಸೆ ಸ್ನಾಯುವಿನ ಸ್ಥಾನ ಬದಲಿಸುತ್ತದೆಯೇ ಹೊರತು ಪವರನ್ನು ತೆಗೆಯುವುದಿಲ್ಲ. ಅದಾದ ಮೇಲೂ ಕನ್ನಡಕ ಬೇಕು. ಜೀವನಪರ್ಯಂತವೇ ಎಂದು ಕೇಳಿದ್ದೀರಿ. ಪ್ಲಸ್ ಪವರ್ ಶಾಲಾ ವಯಸ್ಸಿನಲ್ಲಿ ನಿಧಾನವಾಗಿ ಇಳಿಯುವುದುಂಟು. ಕೆಲವರು ಹದಿಹರೆಯದಲ್ಲಿ ಕನ್ನಡಕ ಬಿಡುತ್ತಾರೆ, ಇಷ್ಟು ಪವರ್ ಇರುವ ಅನೇಕರು ಬಿಡಲಾಗುವುದಿಲ್ಲ. ಕನ್ನಡಕ ಹಾಕಿದ್ದರಿಂದ ಪವರ್ ಅಂಟಿಕೊಳ್ಳುತ್ತದೆ ಎಂಬುದು ಮಾತ್ರ ನಿಜವಲ್ಲ.

ನನಗೆ ನಿಮ್ಮ ಬರಹದಲ್ಲಿ ಹೆಚ್ಚು ಚಿಂತೆ ತಂದದ್ದು ಎರಡು ಕಣ್ಣುಗಳ ನಡುವಿನ ಒಂದೂವರೆ ಪವರಿನ ವ್ಯತ್ಯಾಸ ಮತ್ತು ಯಾವಾಗಲೂ ಬಲಗಣ್ಣೇ ತಿರುಗುವುದು. ಒಂದು ವಸ್ತು ಎರಡಾಗಿ ಕಾಣದಿರಲೆಂದು ಮಿದುಳು ತಿರುಗಿದ ಕಣ್ಣಿನ ಚಿತ್ರವನ್ನು ಬದಿಗೆ ತಳ್ಳುತ್ತದೆ. ಹೀಗೆ ಮುಂದುವರಿದರೆ ಆ ಕಣ್ಣಿನ ದೃಷ್ಟಿ ಬೆಳೆಯುವುದೇ ಇಲ್ಲ. ಸೋಮಾರಿ ಕಣ್ಣು ಎನ್ನುವುದು ಇದಕ್ಕೇ. ಏಳು ವರ್ಷದೊಳಗೆ ಇದಕ್ಕೆ ಚಿಕಿತ್ಸೆ ಚೆನ್ನಾಗಿ ಹತ್ತುತ್ತದೆ, ಅನಂತರ ಕಷ್ಟ. ಓರೆಯ ಶಸ್ತ್ರಚಿಕಿತ್ಸೆ ಕೆಲವು ತಿಂಗಳು ಮುಂದಕ್ಕೆ ಹೋಗಬಹುದು, ಆದರೆ ಸೋಮಾರಿ ಕಣ್ಣು ಅಷ್ಟು ದಿನ ತಡೆಯುವುದಿಲ್ಲ. ಕನ್ನಡಕದಿಂದಷ್ಟೇ ಬಲಗಣ್ಣಿನ ದೃಷ್ಟಿ ಏರದಿದ್ದರೆ ಎಡಗಣ್ಣಿಗೆ ಪಟ್ಟಿ ಹಾಕಿಸುತ್ತಾರೆ. ಸಾಧಾರಣ ಮಟ್ಟದ ದೋಷಕ್ಕೆ ದಿನಕ್ಕೆ 2 ಗಂಟೆ ಪಟ್ಟಿ ಹಾಕುವುದು 6 ಗಂಟೆ ಹಾಕಿದಷ್ಟೇ ಫಲ ಕೊಡುತ್ತದೆ ಎಂದು 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ, ಆದ್ದರಿಂದ ಇಡೀ ದಿನ ಮಗುವನ್ನು ಪೀಡಿಸಬೇಕಾಗಿಲ್ಲ.

ಪಾಪೆ ದೊಡ್ಡದು ಮಾಡಿ ಕಣ್ಣಿನ ಹಿಂಭಾಗವನ್ನು ನೋಡಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿರಿ. ಅಪರೂಪಕ್ಕೆ ಕಣ್ಣಿನೊಳಗಿನ ಗಡ್ಡೆಯೋ ಪೊರೆಯೋ ಓರೆಯ ರೂಪದಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಫೋಟೋದಲ್ಲಿ ಒಂದು ಪಾಪೆ ಬೆಳ್ಳಗೆ ಹೊಳೆದರೆ, ಅಥವಾ ಓರೆ ಒಮ್ಮೆಗೇ ಬಂದು ತಲೆನೋವು, ವಾಂತಿ ಜೊತೆಗಿದ್ದರೆ ಒಂದು ದಿನವೂ ತಡಮಾಡಬಾರದು.

ಉತ್ತರ: ಅಂಗನವಾಡಿ ಟೀಚರ್, ಚಳ್ಳಕೆರೆ

ಪಟ್ಟಿಯ ಬಗ್ಗೆ ಒಂದೆರಡು ಮಾತು. ಕನ್ನಡಕದ ಗಾಜಿಗೆ ಬಟ್ಟೆ ಸುತ್ತಿದರೆ ಮಕ್ಕಳು ಅಂಚಿನಿಂದ ಇಣುಕಿ ಒಳ್ಳೆಯ ಕಣ್ಣಿನಲ್ಲಿಯೇ ನೋಡುತ್ತವೆ, ಆದ್ದರಿಂದ ಚರ್ಮಕ್ಕೆ ಅಂಟುವ ಪಟ್ಟಿಯೇ ಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿಗೆ ಅದು ಕಿತ್ತುಬಂದು ಕೆನ್ನೆ ಕೆಂಪಾಗುತ್ತದೆ. ಬೆಳಿಗ್ಗೆ ತಂಪಿನ ಹೊತ್ತಿನಲ್ಲಿ ಹಾಕಿಸುವುದು ಉತ್ತಮ. ಆ ಹೊತ್ತಿನಲ್ಲಿ ಸುಮ್ಮನೆ ಕೂರಿಸದೆ ಮಣಿ ಪೋಣಿಸುವುದು, ಕಾಳು ಬೇರ್ಪಡಿಸುವುದು, ಚಿತ್ರಕ್ಕೆ ಬಣ್ಣ ತುಂಬುವುದು ಇವುಗಳಲ್ಲಿ ತೊಡಗಿಸಿರಿ. ಬೇರೆ ಮಕ್ಕಳು ಆಡಿಕೊಳ್ಳುತ್ತಾರೆಂಬ ಭಯ ಬೇಡ. ನಮ್ಮಲ್ಲಿ ಒಂದು ಮಗು ಪಟ್ಟಿ ಹಾಕಿಕೊಂಡು ಬಂದಾಗ ಉಳಿದವರೆಲ್ಲ ತಮಗೂ ಒಂದು ಬೇಕೆಂದು ಹಟ ಹಿಡಿದಿದ್ದರು.

ವಿದ್ಯಾನಗರದ ಅಮ್ಮ

ಎಲ್ಲರಿಗೂ ಧನ್ಯವಾದಗಳು. ಮೇಡಂ ಅವರ ಉತ್ತರ ಓದಿದ ಮೇಲೆ ಒಂದು ಸಂಗತಿ ನೆನಪಾಯಿತು. ಎರಡನೆಯ ವೈದ್ಯರು ನೋಡಿದ ದಿನ ಕನ್ನಡಕ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಅವರು ಅಳೆದದ್ದು ಬರಿಗಣ್ಣಿನ ಓರೆಯನ್ನು. ಈಗ ಕನ್ನಡಕ ಬಂದಿದೆ, ಆದರೆ ಮೂಗಿನ ತುದಿಗೆ ಇಳಿಸಿಕೊಂಡು ಮೇಲಿನಿಂದ ನೋಡುತ್ತಾಳೆ. ಅತ್ತೆಯವರನ್ನು ಒಪ್ಪಿಸುವುದೂ ಬಾಕಿಯಿದೆ. ಒಂದು ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾದರೆ ಸರ್ಕಾರದ ಕಾರ್ಡಿನಲ್ಲಿ ಆಗುತ್ತದೆಯೇ?

ಕಣ್ಣಿನ ವಿಭಾಗದ ಉದ್ಯೋಗಿ, ದಾವಣಗೆರೆ

ಹಾಗಾದರೆ ಇಬ್ಬರು ವೈದ್ಯರ ಮಾತಿನ ನಡುವೆ ನೀವು ಅಂದುಕೊಂಡಷ್ಟು ವಿರೋಧವಿಲ್ಲ. ಕನ್ನಡಕ ಜಾರುತ್ತಿದ್ದರೆ ಅಂಗಡಿಯಲ್ಲಿ ಹಿಂದಕ್ಕೆ ಇಲಾಸ್ಟಿಕ್ ಪಟ್ಟಿ ಹಾಕಿಸಿ, ಮೂಗಿನ ಮೇಲೆ ಕೂರುವ ಅಳತೆಯನ್ನು ಸರಿಪಡಿಸಿಕೊಳ್ಳಿರಿ. ಅಳತೆ ಸರಿಯಿದ್ದೂ ಮೇಲಿನಿಂದ ನೋಡುತ್ತಿದ್ದರೆ, ಕಣ್ಣು ಇನ್ನೂ ತನ್ನ ಹಳೆಯ ಶ್ರಮವನ್ನು ಬಿಟ್ಟಿಲ್ಲ, ಅದರಿಂದ ಕನ್ನಡಕದಲ್ಲಿ ಮಂಜಾಗಿ ಕಾಣುತ್ತಿದೆ ಎಂದು ತಿಳಿಯಬಹುದು. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಹೊಂದದಿದ್ದರೆ ವೈದ್ಯರು ಮತ್ತೆ ಕೆಲವು ದಿನ ಮುಲಾಮು ಬರೆಯುವುದುಂಟು. ಅದನ್ನು ಅಕ್ಕಿಕಾಳಿನಷ್ಟೇ ಹಚ್ಚಬೇಕು, ಹಚ್ಚಿದ ಕೈ ತೊಳೆದುಕೊಳ್ಳಬೇಕು. ಮುಖ ಕೆಂಪೇರಿ ಜ್ವರ ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಅತ್ತೆಯವರೊಡನೆ ವಾದ ಮಾಡುವುದಕ್ಕಿಂತ ಒಂದು ಕೆಲಸ ಮಾಡಿರಿ. ಅವರ ಎದುರಿನಲ್ಲಿಯೇ ಮಗಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣೊಂದರಿಂದಲೇ ಶೇಂಗಾ ಆರಿಸಲು ಹೇಳಿರಿ. ಕೈ ತಡವರಿಸಿದರೆ ಅಥವಾ ಮಗು ನಿಮ್ಮ ಅಂಗೈಯನ್ನು ಕಿತ್ತೆಸೆದರೆ ಅವರಿಗೆ ನಾವು ಹೇಳುವುದು ಏನೂ ಉಳಿಯುವುದಿಲ್ಲ. ತಡವರಿಸದಿದ್ದರೆ ನಿಮಗೇ ಸಮಾಧಾನ. ಆದರೆ ಅದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ.

ಕಾರ್ಡಿನ ಬಗ್ಗೆ: ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಯಾದ್ದರಿಂದ ಮೊದಲು ಸರ್ಕಾರಿ ಆಸ್ಪತ್ರೆಗೆ, ನಮ್ಮಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ತೋರಿಸಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಬರೆಸಿಕೊಳ್ಳಬೇಕು. ಅಂಗನವಾಡಿಗಳಿಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡಕ್ಕೂ ಹೆಸರು ಬರೆಸಬಹುದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅವರದ್ದೇ ಹೊಣೆ. ಹೊರಗೆ ಹೋಗಬೇಕಾಗಿ ಬಂದರೆ ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಿದೆ, ಶಿವಮೊಗ್ಗ ಮತ್ತು ಹುಬ್ಬಳ್ಳಿಯಲ್ಲಿಯೂ ದೊಡ್ಡ ಕಣ್ಣಿನ ಆಸ್ಪತ್ರೆಗಳಿವೆ. ಮಕ್ಕಳ ಓರೆಗಣ್ಣಿನ ತಜ್ಞರು ಯಾವ ದಿನ ಇರುತ್ತಾರೆಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಿರಿ. ಹೋಗುವ ದಿನ ಬೆಳಿಗ್ಗೆಯಿಂದಲೇ ಕನ್ನಡಕ ಹಾಕಿಸಿರಬೇಕು. ಪವರ್ ಚೀಟಿಯನ್ನೂ, ಓರೆ ಶುರುವಾಗುವುದಕ್ಕೆ ಮುಂಚಿನ ಒಂದೆರಡು ಫೋಟೋಗಳನ್ನೂ ಮರೆಯದೆ ಜೊತೆಗೆ ಒಯ್ಯಿರಿ.