ಪದಚರ್ಚೆ: ಕ್ವಾಂಟೈಸೇಶನ್‌ಗೆ ಏನಂತೀರಿ? ಬೋರ್ಡು ಸಂಜೆಗೇ ಬೇಕು

ಬೆಳಗಾವಿ, ಪಾಲಿಟೆಕ್ನಿಕ್ ಮೇಷ್ಟ್ರು, ಬೆಳಗ್ಗೆ 10.05

ನಮಸ್ಕಾರ. ನಾಳೆ ನಮ್ಮಲ್ಲಿ ಹುಡುಗರ ಪ್ರದರ್ಶನ ಇದೆ. ಅಂಗೈ ಅಗಲದ ಸರ್ಕ್ಯೂಟ್ ಬೋರ್ಡಿನ ಮೇಲೆ ಒಂದು ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಸಾಧನ, ಮಾಡಿದ್ದಾರೆ. ಎರಡು ವೋಲ್ಟೇಜಿನಲ್ಲಿ ಯಾವುದು ಹೆಚ್ಚು ಅಂತ ಹೇಳುವ ಒಂದು ಕಂಪ್ಯಾರೇಟರ್, ಒಂದರ ಅರ್ಧ ಇನ್ನೊಂದು ಅಂತ ವೋಲ್ಟೇಜ್ ಕೊಡುವ 10 ಕೆ ಮತ್ತು 20 ಕೆ (ಕಿಲೋಓಮ್) ರೆಸಿಸ್ಟರುಗಳ ಏಣಿ, ನಾಲ್ಕು ಎಲ್‌ಇಡಿ (ಒಂದೊಂದೂ ಒಂದು ಬಿಟ್: ಉರಿದರೆ 1, ಆರಿದರೆ 0), ಇದನ್ನೆಲ್ಲ ನಡೆಸುವ ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ಚಿಪ್ಪು. ಅದರ ಹೊಟ್ಟೆಯೊಳಗೇ 10 ಬಿಟ್ಟಿನ ಎಡಿಸಿ ಇದೆ, ಅದನ್ನು ಮುಟ್ಟಬಾರದು ಅಂತ ಮೊದಲೇ ತಾಕೀತು ಮಾಡಿದ್ದೆ.

ನಾಬು ತಿರುಗಿಸಿದರೆ ವೋಲ್ಟೇಜ್ 0ಯಿಂದ 5ರ ಕಡೆಗೆ ಸರಾಗವಾಗಿ ಏರುತ್ತದೆ. ಎಲ್‌ಇಡಿಗಳು ಮಾತ್ರ 16 ಹಂತಗಳಲ್ಲಿ ಹಾರಿ ಹಾರಿ ಹೋಗುತ್ತವೆ. ಒಂದೊಂದು ಹಂತ 0.3125 ವೋಲ್ಟ್. ನಡುವಿನದ್ದೆಲ್ಲ ಕೆಳಗಿನ ಹಂತಕ್ಕೇ ಜಮಾ. ಇದೇ ಕ್ವಾಂಟೈಸೇಶನ್. ಪ್ರದರ್ಶನದ ಹೆಸರಿನ ಬೋರ್ಡಿನ ಮೇಲೆ ಕನ್ನಡದಲ್ಲಿ ಏನು ಬರೆಸಲಿ? ಹುಡುಗರು ಎಲ್ಲಿಂದಲೋ ‘ಪ್ರಮಾಣೀಕರಣ’ ಅಂತ ತಂದಿದ್ದಾರೆ. ಓದಿದರೆ ನನಗೆ ತಹಶೀಲ್ದಾರ್ ಕಚೇರಿಯ ಸಾಲು ನೆನಪಾಗುತ್ತದೆ. ಪೇಂಟರ್ ನಾಲ್ಕು ಗಂಟೆಗೆ ಬರುತ್ತಾನೆ.

ಮೈಸೂರು, 10.40

ಪ್ರಮಾಣೀಕರಣ ತಪ್ಪು. ಶಕಲೀಕರಣ ಅನ್ನಿ. ಕ್ವಾಂಟಮ್‌ಗೆ ಶಕಲ ಅಂತ ಆಗಲೇ ಬಳಕೆಯಲ್ಲಿದೆ. ಹೊಸದಾಗಿ ತಲೆ ಕೆಡಿಸಿಕೊಳ್ಳುವುದು ಬೇಡ.

ಬಾಗಲಕೋಟೆ, 11.15

ಶಕಲ ಅಂದರೆ ಚೂರು. ಇಲ್ಲಿ ಏನು ಚೂರಾಯಿತು ಸರ್? ವೋಲ್ಟೇಜ್ ಇಡಿಯಾಗೇ ಇದೆ, ಹೋಗಿ ಒಂದು ಮಟ್ಟದ ಮೇಲೆ ಕೂತಿದೆ ಅಷ್ಟೇ. ಹೆಪ್ಪುಗಟ್ಟು, ಮಡುಗಟ್ಟು, ಸಾಲುಗಟ್ಟು ಅಂತ ನಮ್ಮಲ್ಲಿ ಇರುವಾಗ ‘ಮಟ್ಟಗಟ್ಟು’ ಯಾಕಾಗಬಾರದು? ಎಲ್ಲದರ ಬಾಲಕ್ಕೂ ‘ಈಕರಣ’ ಕಟ್ಟುವ ಚಟ ಬಿಡಬೇಕು. ಅಂದಹಾಗೆ ಡಿಜಿಟಲ್ ಅನ್ನುವ ಮಾತೂ ಲ್ಯಾಟಿನ್ನಿನ ಬೆರಳಿನಿಂದ ಬಂದದ್ದು. ‘ಬೆರಳೆಣಿಕೆ’ ಅಂದರೆ ಮುಗಿಯಿತು.

ಧಾರವಾಡ, 11.22

ಹಾಗೆ ಬರೆಸಿದರೆ ಪ್ರದರ್ಶನಕ್ಕೆ ಬೆರಳೆಣಿಕೆಯಷ್ಟೇ ಜನ ಬರುತ್ತಾರೆ. ಇನ್ನು ಮಟ್ಟಗಟ್ಟು ಅಂತ ಗೌಂಡಿ ಓದಿದರೆ ನೆಲ ಸಪಾಟು ಮಾಡೋದು ಅಂದುಕೊಳ್ಳುತ್ತಾನೆ. ನಿಮ್ಮ ಹುಡುಗರು ಮಾಡಿದ್ದು ಅದರ ಉಲ್ಟಾ, ಸಪಾಟಾಗಿ ಏರುವುದನ್ನು ಮೆಟ್ಟಿಲು ಮಾಡಿದ್ದಾರೆ.

ಬೆಂಗಳೂರು, 11.50

ಸುಮ್ನೆ ಕ್ವಾಂಟೈಸೇಶನ್ ಅಂತ ಬರೆಯಿರಿ. ವೋಲ್ಟ್ ಅಂತ ಬರೆಯಲ್ವಾ?

ಬಾಗಲಕೋಟೆ, 11.58

ವೋಲ್ಟ್ ಬಂದದ್ದು ವೋಲ್ಟಾ ಅನ್ನುವ ಮನುಷ್ಯನ ಹೆಸರಿನಿಂದ. ಹೆಸರನ್ನು ಯಾರೂ ಅನುವಾದ ಮಾಡುವುದಿಲ್ಲ. ಮುಂದೆ ಹೇಳಿ.

ವಿಜಯಪುರ, 12.35

ನನಗೆ ಎಲೆಕ್ಟ್ರಾನಿಕ್ಸ್ ಬರುವುದಿಲ್ಲ. ಮೊಮ್ಮಗಳನ್ನು ಕೇಳಿದೆ, ಈ ಬೋರ್ಡು ಹೇಗೆ ಕೆಲಸ ಮಾಡುತ್ತದೆ ಅಂತ. ಅವಳು ಹೇಳಿದ್ದು ಕೇಳಿ ನಗು ಬಂತು. ಇದನ್ನು ನಮ್ಮಪ್ಪ ದಿನಾ ಮಾಡುತ್ತಿದ್ದರಲ್ಲ!

ನಮ್ಮದು ಕಿರಾಣಿ ಅಂಗಡಿ. ಕಿಲೋ ಬಂದ ಮೇಲೂ ಹಳೇ ಕಲ್ಲು ಬಹಳ ದಿನ ಇದ್ದವು. ಅಚ್ಚೇರು (ಅರ್ಧ ಸೇರು), ಪಾವು, ನವಟಾಕು, ಛಟಾಕು. ಒಂದರ ಅರ್ಧ ಇನ್ನೊಂದು. ಸೇರಿಗೆ 16 ಛಟಾಕು. ಬೆಲ್ಲದ ತುಂಡು ಒಂದು ತಟ್ಟೆಗೆ. ಇನ್ನೊಂದಕ್ಕೆ ಮೊದಲು ಅಚ್ಚೇರು. ಬೆಲ್ಲ ಕೆಳಗೇ ಕೂತಿತು, ಕಲ್ಲು ಇರಲಿ. ಮೇಲೆ ಪಾವು ಇಟ್ಟರು. ಕಲ್ಲಿನ ತಟ್ಟೆ ದಪ್ ಅಂತ ಇಳಿಯಿತು, ಪಾವು ತೆಗೆದರು. ನವಟಾಕು ಇಟ್ಟರು, ನಿಂತಿತು. ಛಟಾಕು, ಅದೂ ನಿಂತಿತು. ನಾಲ್ಕೇ ಸಲ ಕೈ ಆಡಿತು, ಬೆಲ್ಲ 11 ಛಟಾಕು. ಮೇಲೆ ಚೂರು ಜಾಸ್ತಿ ಇದ್ದರೆ ಅದು ಗಿರಾಕಿಯ ಪುಣ್ಯ.

ಇಟ್ಟ ಕಲ್ಲಿಗೆ 1, ತೆಗೆದದ್ದಕ್ಕೆ 0 ಅನ್ನಿ: 1011. ಕಿಲೋ ಕಲ್ಲಿನಲ್ಲಿ ಈ ಸೊಗಸಿಲ್ಲ. 500ರ ಕೆಳಗೆ 200 ಬರುತ್ತದೆ, ಅರ್ಧವಲ್ಲ. ನಾಬನ್ನು 3.5 ವೋಲ್ಟಿಗೆ ಇಟ್ಟು ನೋಡಿ ಮೇಷ್ಟ್ರೇ, ಅದೂ 11 ಹಂತದ ಮೇಲೆ ಚೂರು. ನಿಮ್ಮ ಎಲ್‌ಇಡಿಗಳೂ ಇದನ್ನೇ ತೋರಿಸಬೇಕು.

ಬೆಳಗಾವಿ, 12.50

ಕಾಕಾರೇ, ಕೈ ಮುಗಿದೆ. ತಕ್ಕಡಿಯೇ ಕಂಪ್ಯಾರೇಟರ್, ಕಲ್ಲುಗಳೇ ರೆಸಿಸ್ಟರ್ ಏಣಿ. ಎಲ್ಲ ಹಂತಗಳನ್ನೂ ಒಟ್ಟಿಗೇ ಹೋಲಿಸುವ, ಫ್ಲಾಶ್ ಅಂತ ಎಡಿಸಿಯ ಇನ್ನೊಂದು ನಮೂನೆ ಇದೆ, ಅದರಲ್ಲಿ ನಾಲ್ಕು ಬಿಟ್ಟಿಗೇ 15 ತಕ್ಕಡಿ ಬೇಕು. ಬೇಗ ತೂಗುತ್ತದೆ ನಿಜ, ಆದರೆ ಅಂಗೈ ಮೇಲೆ ಎಲ್ಲಿ ಹಿಡಿಸಬೇಕು?

ಬಾಗಲಕೋಟೆ, 1.10

ಕತೆ ಚೆನ್ನಾಗಿದೆ. ಆದರೆ ನವಟಾಕು ಮರಾಠಿ. ನವ ಅಂದರೆ ಒಂಬತ್ತು, ಟಾಂಕ ಅನ್ನುವ ಹಳೇ ತೂಕ ಒಂಬತ್ತು. ಅಚ್ಚೇರೂ ಅಲ್ಲಿಂದಲೇ ಬಂದಿರಬೇಕು. ಇವನ್ನು ಇಟ್ಟುಕೊಂಡು ಕನ್ನಡ ಕಟ್ಟುತ್ತೀರಾ?

ಧಾರವಾಡ, 1.18

ಅಚ್ಚೇರನ್ನು ಮೈಸೂರು ಸೀಮೆಯವರೂ ಅಂದಿದ್ದಾರೆ, ಅವರೇನು ಪುಣೆಗೆ ಹೋಗಿ ಕಲಿತರಾ? ನೂರಾರು ವರ್ಷ ಬೆಲ್ಲ ತೂಗಿದ ಮಾತು ಯಾರದ್ದು ಅಂತ ಕೇಳುವುದು ಬಿಡಿ.

ಮೈಸೂರು, 1.45

ನಮ್ಮನ್ನು ಎಳೆಯಬೇಡಿ. ಶಕಲೀಕರಣ ಈಗಲೂ ಸರಿ.

ವಿಜಯಪುರ, 2.20

ಅಪ್ಪ ಮರಾಠಿ ಗಿರಾಕಿಗೂ ಕನ್ನಡ ಗಿರಾಕಿಗೂ ಅದೇ ಕಲ್ಲಿನಿಂದ ತೂಗಿದರು. ಜಗಳ ಆದದ್ದು ತೂಕಕ್ಕೆ, ಹೆಸರಿಗೆ ಯಾವತ್ತೂ ಅಲ್ಲ. 3.5 ಏನಾಯಿತು?

ಬೆಳಗಾವಿ, 4.30

ಪೇಂಟರ್ ಬಂದು ಹೋದ. ‘ಮೆಟ್ಟಿಲಿಗೆ ಕೂರಿಸುವುದು’ ಅಂತ ಬರೆಸಿದೆ, ಕೆಳಗೆ ಸಣ್ಣದಾಗಿ ಕ್ವಾಂಟೈಸೇಶನ್. ಅವನು ‘ಸರ, ಪಾವಟಿಗಿ ಅಂತ ಬರೀಲೇನು?’ ಅಂದ, ಮೆಟ್ಟಿಲಿಗೆ ನಮ್ಮ ಕಡೆಯ ಮಾತು. ಮನಸ್ಸಾಗಿತ್ತು. ಬಾಗಲಕೋಟೆಯವರು ಅದರ ಜಾತಕವನ್ನೂ ತೆಗೆಯುತ್ತಾರೆ ಅಂತ ಸುಮ್ಮನಾದೆ.

ಕಾಕಾರೇ, ಮೀಟರ್ ಹಿಡಿದು ಸರಿಯಾಗಿ 3.5ಕ್ಕೆ ಇಟ್ಟೆವು. ಬಂದದ್ದು 1011 ಅಲ್ಲ, 1100, ಅಂದರೆ 11ರ ಬದಲು 12. ಹುಡುಗರ ಮುಖ ಸಣ್ಣಗಾಯಿತು. ಒಂದು ಗಂಟೆ ಪ್ರೋಗ್ರಾಂ ಹುಡುಕಿದರು, ಬೆಸುಗೆ ಮುಟ್ಟಿ ನೋಡಿದರು. ಕೊನೆಗೆ ಒಬ್ಬಳು ಸಪ್ಲೈ ಅಳೆದಳು. 5 ಅಂದುಕೊಂಡದ್ದು 4.6 ಇತ್ತು. ಅಗ್ಗದ ಚಾರ್ಜರ್. ಏಣಿಗೆ ಸಿಗುವುದು ಅದೇ ವೋಲ್ಟೇಜು, ಹಂತ 0.2875ಕ್ಕೆ ಇಳಿದಿತ್ತು.

ವಿಜಯಪುರ, 4.52

ಕಲ್ಲು ಸವೆದಿತ್ತು ಅನ್ನಿ. ಬೇರೆ ಕಲ್ಲು ಹಾಕಿ.

ಬಾಗಲಕೋಟೆ, 5.05

ಪಾವಟಿಗೆ ಬಗ್ಗೆ ಬೇರೆ ಎಳೆ ತೆಗೆಯುತ್ತೇನೆ.