ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಕೇ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ): ಡಾಕ್ಟರೇ, ಕಳೆದ ವಾರ ಪ್ರಾರ್ಥನೆಯ ಹೊತ್ತಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಫಿಟ್ಸ್ ಬಂದು ಬಿದ್ದಳು. ಒಬ್ಬರು ಅವಳ ಕೈಗೆ ಬೀಗದ ಕೈ ಗೊಂಚಲು ತುರುಕಿದರು, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಡಲು ಹೋದರು. ಸ್ವಲ್ಪ ಹೊತ್ತಿಗೆ ನಿಂತಿತು. ಕಬ್ಬಿಣದಿಂದಲೇ ನಿಂತಿತು ಎನ್ನುತ್ತಾರೆ. ನಿಜವೇ? ಮತ್ತೆ ಬಂದರೆ ಏನು ಮಾಡಬೇಕು?

ಉತ್ತರ (ನರರೋಗ ತಜ್ಞೆ): ನಿಜವಲ್ಲ ಮೇಡಂ. ಹೆಚ್ಚಿನ ಸೆಳೆತಗಳು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಕಬ್ಬಿಣ ಹುಡುಕಿ ತರುವಷ್ಟರಲ್ಲಿ ನಿಲ್ಲುವ ಸಮಯ ಬಂದಿರುತ್ತದೆ, ಅಷ್ಟೆ. ಕಬ್ಬಿಣಕ್ಕಿಂತ ನನಗೆ ಆ ಚಮಚದ ಭಯ ಹೆಚ್ಚು. ನಾಲಿಗೆಯನ್ನು ಯಾರೂ ನುಂಗಿಕೊಳ್ಳುವುದಿಲ್ಲ. ಕಚ್ಚಿಕೊಂಡರೂ ಆ ಗಾಯ ಮಾಯುತ್ತದೆ. ಬಿಗಿದ ದವಡೆಗೆ ಏನಾದರೂ ತುರುಕಿದರೆ ಹಲ್ಲು ಮುರಿದು ಶ್ವಾಸನಾಳಕ್ಕೆ ಇಳಿಯಬಹುದು.

ಸೆಳೆತ ಶುರುವಾದೊಡನೆ ಗಡಿಯಾರ ನೋಡಿಕೊಳ್ಳಿ. ಸುತ್ತಲಿನ ಬೆಂಚು, ಕಲ್ಲು ಸರಿಸಿ, ತಲೆಯಡಿ ಮಡಿಸಿದ ಬಟ್ಟೆ ಇಟ್ಟು, ಕುತ್ತಿಗೆಯ ಟೈ ಸಡಿಲಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಅದುರುವುದು ನಿಂತ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿದರೆ ಜೊಲ್ಲು, ವಾಂತಿ ಹೊರಗೆ ಹರಿದುಹೋಗುತ್ತದೆ. ಪೂರ್ತಿ ಎಚ್ಚರವಾಗುವವರೆಗೆ ನೀರನ್ನೂ ಕುಡಿಸಬಾರದು.

ಸೆಳೆತ ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಎಚ್ಚರವಾಗುವ ಮುನ್ನವೇ ಮತ್ತೊಮ್ಮೆ ಬಂದರೆ, ಉಸಿರಾಟ ಸರಿಹೋಗದಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಅಥವಾ ಇದೇ ಮೊದಲ ಸಲವಾಗಿದ್ದರೆ ಐದು ನಿಮಿಷ ಕಾಯುವುದೂ ಬೇಡ.

ಇನ್ನೊಂದು ಮಾತು. ಎಚ್ಚರವಾದಾಗ ಅವಳಿಗೆ ಎಲ್ಲಿದ್ದೇನೆಂದು ತಿಳಿಯದು, ಬಟ್ಟೆ ಒದ್ದೆಯಾಗಿರಲೂಬಹುದು. ಉಳಿದ ಮಕ್ಕಳನ್ನು ತರಗತಿಗೆ ಕಳಿಸಿ, ಅವಳಿಗೆ ಒಂದು ಶಾಲು ಹೊದಿಸಿ, ನೀವು ಪಕ್ಕದಲ್ಲೇ ಕುಳಿತಿರಿ. ಎಲ್ಲರೆದುರು ಹೀಗಾಯಿತಲ್ಲ ಎಂಬ ಸಂಕಟಕ್ಕೆ ಶಾಲೆಯನ್ನೇ ಬಿಟ್ಟ ಹುಡುಗಿಯರನ್ನು ನಾನು ನೋಡಿದ್ದೇನೆ.

ಪ್ರಶ್ನೆ (ಮಂಡ್ಯದಿಂದ ಒಬ್ಬ ತಾಯಿ): ನನ್ನ ಮಗನಿಗೆ ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಮಾತ್ರ ಹೀಗಾಗುತ್ತದೆ. ಇದೂ ಫಿಟ್ಸೇ?

ಉತ್ತರ: ಇರಬಹುದಮ್ಮ. ಬಿಸಿನೀರಿನ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಅಪರೂಪವಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಬಗ್ಗೆ ಬಹಳ ಅಧ್ಯಯನವಾಗಿದೆ. ಸುಡುವ ನೀರನ್ನು ಚೊಂಬಿನಿಂದ ತಲೆಗೆ ಒಂದೇ ಸಮನೆ ಸುರಿದುಕೊಳ್ಳುವುದೇ ಇದನ್ನು ಕೆರಳಿಸುತ್ತದೆ. ನೀರು ಉಗುರುಬೆಚ್ಚಗಿರಲಿ, ಬಚ್ಚಲಿನ ಚಿಲಕ ಹಾಕಿಕೊಳ್ಳದಿರಲಿ. ಆಗಲೇ ಬಂದುಬಿಟ್ಟರೆ ನೀರು ಹುಯ್ಯುವುದನ್ನು ನಿಲ್ಲಿಸಿ, ಹಂಡೆ, ಒಲೆಯಿಂದ ಅವನನ್ನು ದೂರಕ್ಕೆ ಎಳೆದುಕೊಳ್ಳಿ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆಯನ್ನೂ ಕೊಡುತ್ತೇವೆ, ಆದರೆ ಪರೀಕ್ಷಿಸದೆ ಕೊಡುವಂಥದ್ದಲ್ಲ. ಒಮ್ಮೆ ನರರೋಗ ತಜ್ಞರಿಗೆ ತೋರಿಸಿ. ಮತ್ತೆ ಬಂದರೆ ಮನೆಯವರೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಲಿ. ರೋಗ ಗುರುತಿಸಲು ಅದು ನಮಗೆ ತುಂಬಾ ನೆರವಾಗುತ್ತದೆ.